ಕಡ್ಡಿಗೆ ಸುತ್ತಿದ ಉರುಳಗಡ್ಡೆ

ಭಾನುವಾರ ನಂದಿ ಬೆಟ್ಟದ ದಾರಿಯಲ್ಲಿ ಕಾರುಗಳು ಹೇಗೆ ನಿಂತಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಣ್ಣನ ಮಗಳು ಕಿಟಕಿಯಿಂದ ಕೈ ತೋರಿಸಿ, "ಚಿಕ್ಕಪ್ಪಾ, ಟ್ವಿಸ್ಟರ್!" ಅಂದಳು. ಇಳಿದೆ.

ಗಾಡಿಯ ಹುಡುಗ ಒಂದು ಉರುಳಗಡ್ಡೆಯನ್ನು ಮೆಷಿನ್ನಿಗೆ ಚುಚ್ಚಿ ಹಿಡಿ ತಿರುಗಿಸಿದ. ಗಡ್ಡೆ ಸ್ಪ್ರಿಂಗಾಯಿತು. ಅದನ್ನು ಬಿದಿರು ಕಡ್ಡಿಯುದ್ದಕ್ಕೂ ಎಳೆದು, ಹಿಟ್ಟಲ್ಲಿ ಅದ್ದಿ, ಎಣ್ಣೆಗೆ ಬಿಟ್ಟ. ಮೇಲೆ ಕಿತ್ತಳೆ ಬಣ್ಣದ ಪುಡಿ ಉದುರಿಸಿದ. ಅದರ ಹೆಸರು ಪೆರಿಪೆರಿ. ನೂರು ರೂಪಾಯಿ. ಗಡ್ಡೆ ಹೆಚ್ಚೆಂದರೆ ನೂರೈವತ್ತು ಗ್ರಾಂ ಇತ್ತು.

ಮೆಚ್ಚಲೇಬೇಕು. ನಮ್ಮ ಜಿಲ್ಲೆಯಲ್ಲಿ ಅಂದುಕೊಂಡಷ್ಟು ಉದ್ದಕ್ಕೆ ಎಳೆಯಲು ಸಾಧ್ಯವಾದ ಮೊದಲ ವಸ್ತು ಇದು. ಎತ್ತಿನಹೊಳೆ ನೀರನ್ನು ಇಲ್ಲಿಗೆ ಎಳೆಯುತ್ತೇವೆ ಅಂತ 2014ರಲ್ಲಿ ಅಡಿಗಲ್ಲು ಹಾಕಿದರು. ನಾವು ಇನ್ನೂ ಬಿಂದಿಗೆ ಹಿಡಿದು ನಿಂತಿದ್ದೇವೆ. ಕೊರಿಯಾದ ಈ ಬೀದಿ ತಿಂಡಿ ಮಾತ್ರ ಸಮುದ್ರ ದಾಟಿ ಬಂದು ತಲುಪಿಬಿಟ್ಟಿತು.

ಈ ಗಡ್ಡೆಗೆ ಏನೇನು ವೇಷ! ಸ್ಮೈಲಿ, ಚೀಸ್ ಬಾಲ್, ಹನಿ ಚಿಲ್ಲಿ. ಪ್ರಿಂಗಲ್ಸ್ ಕಥೆ ಗೊತ್ತಲ್ವಾ? ತೆರಿಗೆ ತಪ್ಪಿಸಿಕೊಳ್ಳಲು ಆ ಕಂಪನಿ ಇಂಗ್ಲೆಂಡಿನ ಕೋರ್ಟಿನಲ್ಲಿ, ಸ್ವಾಮಿ, ಇದು ಆಲೂ ಚಿಪ್ಸೇ ಅಲ್ಲ, ಆಲೂ ಅರ್ಧಕ್ಕಿಂತ ಕಡಿಮೆ ಇದೆ ಅಂತ ವಾದಿಸಿತು. 2008ರಲ್ಲಿ ಹೈಕೋರ್ಟು ಹೌದು ಅಂದಿತು. 2009ರಲ್ಲಿ ಮೇಲಿನ ಕೋರ್ಟು, ಇಲ್ಲ ಕಣಪ್ಪಾ, ಇದು ಆಲೂನೇ, ತೆರಿಗೆ ಕಟ್ಟು ಅಂದಿತು. ಪಾಪ, ನಮ್ಮ ಆಲೂ ಬೋಂಡಕ್ಕೆ ಇಷ್ಟು ವರ್ಷದಲ್ಲಿ ಒಬ್ಬ ವಕೀಲನೂ ಸಿಕ್ಕಿಲ್ಲ. ಪೇಪರ್ ಚೂರಿನಲ್ಲಿ ಎಣ್ಣೆ ಸುರಿಸಿಕೊಂಡು, ಪಕ್ಕದಲ್ಲಿ ಒಂದು ಹಸಿಮೆಣಸಿನಕಾಯಿ ಇಟ್ಟುಕೊಂಡು, ತಾನು ಆಲೂ ಅಂತ ಒಪ್ಪಿಕೊಂಡೇ ಬದುಕುತ್ತಿದೆ.

ಕಾಯುವಾಗ ಸುಮ್ನೆ ಕೇಳಿದೆ. "ಗಡ್ಡೆ ಎಲ್ಲಿಂದ ತರ್ತೀಯಪ್ಪ?"

"ಆಗ್ರಾದು ಅಣ್ಣ. ಲೋಕಲ್ ಗಡ್ಡೆ ಸೈಜು ಬರಲ್ಲ, ಎಳೆದ್ರೆ ಮುರಿಯುತ್ತೆ."

ಗಾಡಿಯ ಹಿಂದೆಯೇ ಉರುಳಗಡ್ಡೆ ಹೊಲ. ಬದುವಿನ ಮೇಲೆ ಅವನ ಗ್ಯಾಸ್ ಸಿಲಿಂಡರ್ ಕೂತಿತ್ತು.

ನಮ್ಮಜ್ಜಿ ಜಗಲಿಯಲ್ಲಿ ಕೂತು ಬಿತ್ತನೆ ಗಡ್ಡೆ ಹೋಳು ಮಾಡುತ್ತಿದ್ದಳು. ಜಲಂಧರಿನಿಂದ ಬಂದ ಗಡ್ಡೆ ದುಬಾರಿ, ಒಂದು ಚೂರೂ ದಂಡ ಮಾಡುವಂತಿರಲಿಲ್ಲ. ಒಂದೊಂದು ಹೋಳಿನಲ್ಲೂ ಎರಡು ಕಣ್ಣಾದರೂ ಇರಬೇಕು. ಕುರುಡು ಹೋಳು ಸಿಕ್ಕರೆ ನಮಗೇ ಬೈಗುಳ. ಇಷ್ಟೆಲ್ಲ ಮಾಡಿ ನೆಟ್ಟರೂ ನಾಲ್ಕು ದಿನ ಮೋಡ ಕಟ್ಟಿ ಜಿಟಿಜಿಟಿ ಹಿಡಿದರೆ ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಕಪ್ಪಗಾಗುತ್ತಿತ್ತು. ಉಳಿದದ್ದನ್ನು ಮಂಡಿಗೆ ಹಾಕಿದರೆ ಕಮಿಷನ್ನು, ಹಮಾಲಿ, ಲಾರಿ ಬಾಡಿಗೆ ಕಳೆದು ಕೈಗೆ ಒಂದು ಚೀಟಿ.

ಆ ಚೀಟಿ ಇವತ್ತಿಗೂ ಬದಲಾಗಿಲ್ಲ. ಇದರಲ್ಲಿ ತಮಾಷೆ ಏನೂ ಇಲ್ಲ. 2019ರಲ್ಲಿ ಗುಜರಾತಿನ ನಾಲ್ವರು ರೈತರ ಮೇಲೆ ಪೆಪ್ಸಿಕೋ ಕೇಸು ಹಾಕಿತ್ತು, ನಮ್ಮ ಚಿಪ್ಸಿನ ಗಡ್ಡೆ ತಳಿ ಬೆಳೆದಿದ್ದೀರಿ, ತಲಾ ಒಂದು ಕೋಟಿ ಮೇಲೆ ಕಟ್ಟಿ ಅಂತ. ದೇಶವೆಲ್ಲ ಉಗಿದ ಮೇಲೆ ವಾಪಸ್ ತೆಗೆದುಕೊಂಡಿತು. ಬೆಳೆದರೂ ತಪ್ಪು, ಬೆಳೆದದ್ದು ಕಡ್ಡಿಗೆ ಸರಿಯಾಗಿ ಸುತ್ತಿಕೊಳ್ಳದಿದ್ದರೂ ತಪ್ಪು. ಬೇಜಾರಾಗಿಬಿಟ್ಟಿದೆ ಕಣ್ರೀ.

ಅಷ್ಟರಲ್ಲಿ ಟ್ವಿಸ್ಟರ್ ಬಂತು. ಹುಡುಗಿ ಬೆಟ್ಟದ ಕಡೆ ಅದನ್ನು ಎತ್ತಿ ಹಿಡಿದು ಏಳು ಫೋಟೋ ತೆಗೆದಳು. ಮೂರು ಸುತ್ತು ಕಡಿದು, "ಖಾರ ಜಾಸ್ತಿ, ನೀವೇ ತಿನ್ನಿ ಚಿಕ್ಕಪ್ಪ" ಅಂತ ಕೈಗಿಟ್ಟಳು. ಬಾಕಿ ಗಡ್ಡೆ ಅಷ್ಟರಲ್ಲೇ ಮೆತ್ತಗಾಗಿತ್ತು. ನೂರು ರೂಪಾಯಿ ಅಲ್ವಾ, ಕಡ್ಡಿಯ ಬುಡದವರೆಗೂ ತಿಂದೆ.