ನಾಗಪುರದ ಕೂಲರ್, ಸಾಗರದ ಸೋಗೆ

ಮಲೆನಾಡಿನ ಸಾಗರ ಪೇಟೆ ಹತ್ತಿರದ ನಮ್ಮೂರಲ್ಲಿ ಅಣ್ಣ ಹಳೇ ಕೊಟ್ಟಿಗೆಯನ್ನೇ ಮರಗೆಲಸದ ಶೆಡ್ ಮಾಡಿಕೊಂಡಿದ್ದಾನೆ. ಮೂರು ವರ್ಷದ ಹಿಂದೆ ಅದರ ಹಂಚು ಇಳಿಸಿ ತಗಡಿನ ಶೀಟ್ ಹೊದಿಸಿದ. ಅವನನ್ನು ದೂರುವಂತಿಲ್ಲ. ಮಂಗಗಳು ದಿನಾ ಹಂಚು ಒಡೆಯುತ್ತಿದ್ದವು, ಮಳೆಗಾಲದಲ್ಲಿ ಸೋರಿ ಹಲಗೆಗಳೆಲ್ಲ ಒದ್ದೆಯಾಗುತ್ತಿದ್ದವು. ಮಲೆನಾಡಲ್ಲಿ ಈಗ ಎಷ್ಟೋ ಮನೆಗಳ ಕತೆ ಇದೇ. ಆದರೆ ಬೇಸಿಗೆ ಬಂದಾಗ ಹನ್ನೊಂದು ಗಂಟೆಗೇ ಉಳಿ ಕೆಳಗಿಟ್ಟು ಹೊರಗೆ ಬರಬೇಕಾಯಿತು. "ಎಂತ ಸೆಕೆ ಮಾರಾಯ, ಒಳಗೆ ನಿಲ್ಲಕ್ಕೇ ಆಗ್ತಿಲ್ಲ" ಅಂತ ಫೋನ್ ಮಾಡಿದ.

ನಾನು ನಾಗಪುರದಲ್ಲಿದ್ದು ಹದಿನಾಲ್ಕು ವರ್ಷವಾಯಿತು. ನನ್ನ ಮನೆ ಹಿಂದೆಯೂ ಒಂದು ಸಣ್ಣ ಕೆಲಸದ ಕೋಣೆ ಇದೆ. ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ಮುಟ್ಟುತ್ತದೆ. ಆದರೂ ಕಿಟಕಿಗೆ ಕೂಲರ್ ಇಟ್ಟು ಮಧ್ಯಾಹ್ನವೂ ಕೆಲಸ ಮಾಡುತ್ತೇನೆ. ಹಾಗಾಗಿ ಹಿಂದೆ ಮುಂದೆ ನೋಡದೆ "ಕೂಲರ್ ತಗೋ" ಅಂದುಬಿಟ್ಟೆ.

ಅಣ್ಣ ತಗೊಂಡ, ಆದರೆ ಆ ಸಲಹೆ ತಪ್ಪಾಗಿತ್ತು. ಕೂಲರ್ ತಣಿಸುವುದು ನೀರನ್ನು ಆವಿ ಮಾಡಿ. ನಾಗಪುರದ ಬೇಸಿಗೆ ಗಾಳಿ ಒಣ. ನೀರನ್ನು ಗಬಗಬ ಕುಡಿಯುತ್ತದೆ, ಅದಕ್ಕೇ 43 ಡಿಗ್ರಿಯ ಗಾಳಿ 30ರ ಆಸುಪಾಸಿಗೆ ಇಳಿಯುತ್ತದೆ. ಸಾಗರದ ಗಾಳಿಯಲ್ಲಿ ಏಪ್ರಿಲ್‌ನಲ್ಲೂ ತೇವ ಜಾಸ್ತಿ. ಐದಾರು ಡಿಗ್ರಿ ಇಳಿದರೆ ಅದೇ ಹೆಚ್ಚು. ಆ ತೇವವೆಲ್ಲ ಶೆಡ್ಡಿನೊಳಗೇ ನಿಲ್ಲುತ್ತದೆ. ಅಣ್ಣನ ಉಳಿಗಳಿಗೆ ತುಕ್ಕು ಹತ್ತಿತು. ಹಲಸಿನ ಹಲಗೆ ಉಬ್ಬಿ ಡ್ರಾಯರ್ ಬಿಗಿಯಾಯಿತು. ನನಗೆ ನಿಜವಾಗಿ ಬೇಜಾರಾಯಿತು. ಅದು ಗಿರಾಕಿಗೆ ಕೊಡಬೇಕಾದ ಕೆಲಸ.

ಲಾವಂಚವನ್ನೇ ನೋಡಿ. ನಾಗಪುರದಲ್ಲಿ ಅದನ್ನು ಖಸ್ ಅನ್ನುತ್ತಾರೆ, ಕೂಲರ್ ಪ್ಯಾಡಿಗೆ ತುಂಬುತ್ತಾರೆ. ನಮ್ಮೂರಲ್ಲಿ ಅದೇ ಬೇರನ್ನು ಕುಡಿಯುವ ನೀರಿಗೆ ಹಾಕುತ್ತೇವೆ. ಬೇರು ಒಂದೇ ಆದರೂ ನಾಗಪುರದಲ್ಲಿ ಗಾಳಿ ತಣಿಸಬೇಕು, ಊರಲ್ಲಿ ಹೊಟ್ಟೆ ತಣಿಸಬೇಕು.

ಮಲೆನಾಡಲ್ಲಿ ಸೆಕೆಯನ್ನು ಮಾಡಿನ ಮೇಲೇ ತಡೆಯಬೇಕು, ಒಳಗೆ ಬಂದ ಮೇಲೆ ಅಟ್ಟಿಸುವುದು ಕಷ್ಟ. ಬಿಸಿಲಿಗೆ ಕಾದ ಶೀಟಿನ ಕೆಳಗೆ ಗಾಳಿ ಎಷ್ಟೇ ಆಡಿದರೂ ತಲೆ ಮೇಲೆ ಒಲೆ ಇಟ್ಟ ಹಾಗೆ, ಅಲ್ವಾ? ಮಂಗಳೂರಲ್ಲಿ 1865ರಿಂದ ಬಾಸೆಲ್ ಮಿಷನ್ನಿನವರು ಮಾಡಿದ ಹಂಚು ಇಷ್ಟು ಊರಿಗೆ ಹಬ್ಬಿದ್ದು ಸುಮ್ನೆ ಅಲ್ಲ. ಅದು ಶೀಟಿನಷ್ಟು ಬೇಗ ಕಾಯುವುದಿಲ್ಲ. ಹಂಚು ಹಂಚಿನ ಸಂದಿಯಲ್ಲಿ ಬಿಸಿಗಾಳಿ ತಾನಾಗಿಯೇ ಹೊರಗೆ ಹೋಗುತ್ತದೆ.

ಮಂಗನ ಕಾಟಕ್ಕೆ ಶೀಟ್ ಬೇಕೇ ಬೇಕು ಅನ್ನುವವರು ಹಂಚು ಇಳಿಸದೆ ಅದರ ಮೇಲೆ ಒಂದಡಿ ಎತ್ತರಕ್ಕೆ ಶೀಟ್ ಹಾಕಿಸಲಿ. ಎರಡರ ನಡುವೆ ಗಾಳಿ ಓಡಾಡಬೇಕು, ಅಂಚುಗಳನ್ನು ಮುಚ್ಚಬಾರದು. ನಮ್ಮಣ್ಣನ ಹಂಚು ಆಗಲೇ ಮಾರಿಹೋಗಿತ್ತು. ಅವನು ಶೀಟಿನ ಮೇಲೆ ಬಿದಿರಿನ ಅಟ್ಟಣಿಗೆ ಕಟ್ಟಿ ಅಡಿಕೆ ಸೋಗೆ ಹೊದಿಸಿದ. ತೋಟದ್ದೇ ಸೋಗೆ, ಖರ್ಚು ಆಳಿನ ಕೂಲಿ ಮಾತ್ರ. ಮೊದಲು ಶೀಟಿನ ಒಳಬದಿಗೆ ಕೈ ಇಡಲು ಆಗುತ್ತಿರಲಿಲ್ಲ, ಈಗ ಆರಾಮಾಗಿ ಇಡಬಹುದು. ಸಾಣೆ, ವೆಲ್ಡಿಂಗ್ ಮಾಡುವವರಿಗೆ ಮಾತ್ರ ಇದು ಬೇಡ ಅನ್ನುತ್ತೇನೆ. ಒಣ ಸೋಗೆಗೆ ಒಂದು ಕಿಡಿ ಸಾಕು. ಅಂಥವರು ಕಿಡಿ ಹಾರುವ ಕೆಲಸವನ್ನು ಅಂಗಳದಲ್ಲೇ, ಸೋಗೆಯಿಂದ ದೂರ ಮಾಡಿಕೊಳ್ಳಬೇಕು.

ಶೀಟಿಗೆ ಬಿಳಿ ಬಳಿಯುವುದೂ ಒಳ್ಳೆಯದೇ. ಬಿಸಿಗಾಳಿ ಎದುರಿಸಲು ಅಹಮದಾಬಾದ್ 2013ರಲ್ಲಿ ಒಂದು ಯೋಜನೆ ಮಾಡಿತು, ಮುಂದೆ ಬಡವರ ಮನೆಯ ಮಾಡಿಗೆ ಬಿಳಿ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ಆದರೆ ನಮ್ಮ ಮಳೆಗೆ ಸುಣ್ಣ ನಿಲ್ಲುವುದಿಲ್ಲ. ವರ್ಷಾ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಬಳಿಯಬೇಕು.

ಇನ್ನೊಂದು ಕೆಲಸ ಮಾಡಿನ ನೆತ್ತಿಯದ್ದು. ಬಿಸಿಗಾಳಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ಎರಡೂ ತುದಿಯ ಗೋಡೆಯಲ್ಲಿ ನೆತ್ತಿಗೆ ಹತ್ತಿರ ಜಾಲರಿ ಬಿಡಿ. ಕೆಳಗೆ, ಮೊಣಕಾಲೆತ್ತರದಲ್ಲಿ, ತೋಟದ ಕಡೆ ಒಂದು ಕಿಂಡಿ ಬಿಡಿ. ಮೇಲಿನ ಬಿಸಿ ಹೋದಂತೆ ಕೆಳಗಿಂದ ತಂಪು ಗಾಳಿ ಬರುತ್ತದೆ. ಅಣ್ಣ ಇಷ್ಟು ಮಾಡಿದ ಮೇಲೆಯೇ ಫ್ಯಾನ್ ಉಪಯೋಗಕ್ಕೆ ಬಂತು. ನಾಗಪುರದ ನಡುಬೇಸಿಗೆಯಲ್ಲಿ, 40 ದಾಟಿದ ಮೇಲೆ, ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ರಾಚುತ್ತದೆ. ಸಾಗರದ 34ರಲ್ಲಿ ಅದೇ ಫ್ಯಾನ್ ಬೆವರು ಆರಿಸಿ ಹಿತ ಕೊಡುತ್ತದೆ.

ಮೋಟಾರುಗಳ ಬಿಸಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಳಗೆ ಉರಿಸಿದ ಕರೆಂಟು ಹೆಚ್ಚುಕಡಿಮೆ ಎಲ್ಲಾ ಕೊನೆಗೆ ಒಳಗೇ ಬಿಸಿಯಾಗಿ ಉಳಿಯುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಕಂಪ್ರೆಸರನ್ನು ಹೊರಗಿನ ಚಾವಣಿಯ ಕೆಳಗೆ ಸಾಗಿಸಿದರೆ ಸದ್ದೂ ಕಮ್ಮಿ, ಸೆಕೆಯೂ ಕಮ್ಮಿ. ಎಸಿ ಮಾತು ಬೇಡ. ಮರದ ಹೊಟ್ಟು ಅದನ್ನು ಬದುಕಲು ಬಿಡುವುದಿಲ್ಲ.

ಈಗ ಅಣ್ಣ ಬೆಳಗ್ಗೆ ಆರಕ್ಕೆ ಗರಗಸ ಹಿಡಿಯುತ್ತಾನೆ. ಮಧ್ಯಾಹ್ನ ಪಾಲಿಶ್, ಅಳತೆ, ಜಗಲಿಯಲ್ಲಿ ಕೂತು ಮಾಡುವ ಸಣ್ಣ ಕೆಲಸ. ಪಕ್ಕದಲ್ಲಿ ಉಪ್ಪು ಹಾಕಿದ ಮಜ್ಜಿಗೆ ಚೊಂಬು. ಆ ಕೂಲರ್ ಈಗ ನನ್ನ ಹತ್ತಿರ ಬಂದಿದೆ, ನಾಗಪುರದಲ್ಲಿ ಚೆನ್ನಾಗಿ ಓಡುತ್ತಿದೆ. ಬರುವ ಫೆಬ್ರವರಿಯಲ್ಲಿ ರಜೆ ಹಾಕಿ ಊರಿಗೆ ಹೋಗುತ್ತೇನೆ. ಹಳೇ ಸೋಗೆ ಇಳಿಸಿ ಹೊಸದು ಹೊದಿಸಲು ಅಣ್ಣನಿಗೆ ಇನ್ನೆರಡು ಕೈ ಬೇಕು.