ಎತ್ತುಗಳಿದ್ದೂ ಗದ್ದೆಯಿಲ್ಲದ ಚೋಮ

ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ‘ಚೋಮನ ದುಡಿ’ಯನ್ನು ಈಚೆಗೆ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಶಾಲೆಯಲ್ಲಿ ಓದಿದ ಕಾದಂಬರಿ ಸಿನಿಮಾ ಆದಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ಹುಡುಕುವುದು ರೂಢಿ. ನನ್ನನ್ನು ಕಾಡಿದ್ದು ಬೇರೆಯದೇ ಪ್ರಶ್ನೆ: ಅಸ್ಪೃಶ್ಯ ಜಾತಿಯ ಕೂಲಿಯಾಳು ಚೋಮ ಇಷ್ಟು ನೇರವಾಗಿ ಭೂಮಿ ಕೇಳುವ ಕಥೆಯನ್ನು ತರಗತಿಯಲ್ಲಿ ಬರೀ ಕನಿಕರದ ಕಥೆಯಾಗಿ ನಮಗೆ ಓದಿಸಿದ್ದೇಕೆ?

ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಅಸ್ಪೃಶ್ಯನೆಂದು ಯಾರೂ ಎತ್ತದ ಪ್ರಸಂಗಕ್ಕೆ ಸಂದರ್ಭ ಸಹಿತ ಸ್ವಾರಸ್ಯ ಬರೆಯುವುದು, ಅಸ್ಪೃಶ್ಯತೆಯನ್ನು ಸಾಮಾಜಿಕ ಪಿಡುಗು ಎಂದು ಕರೆದು ಉತ್ತರ ಮುಗಿಸುವುದು, ಇಷ್ಟಕ್ಕೆ ಅಂಕ ಸಿಗುತ್ತಿತ್ತು. ಚೋಮ ಬೇಡಿದ್ದು ಮರುಕವನ್ನಲ್ಲ, ಬೇಸಾಯ ಮಾಡಲು ಒಂದು ತುಂಡು ಗದ್ದೆಯನ್ನು ಎಂಬುದು ಉತ್ತರಪತ್ರಿಕೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಬೆಳೆಯುತ್ತಿರಲಿಲ್ಲ. ಸಿನಿಮಾ ನೋಡುವಾಗ ಆ ಜೋಡಿ ಎತ್ತುಗಳು ಕಣ್ಣೆದುರಿಗೇ ಇರುವುದರಿಂದ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಎತ್ತು ಸಾಕಿದವನಿಗೆ ಉಳುವ ಹಕ್ಕಿಲ್ಲ ಎಂಬ ಅಸಂಬದ್ಧವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಿವರಾಮ ಕಾರಂತರ 1933ರ ಕಾದಂಬರಿಯಲ್ಲಿ ಚೋಮನ ಮನಸ್ಸನ್ನು ನಮಗೆ ತಿಳಿಸಿಕೊಡುವ ನಿರೂಪಕನೊಬ್ಬನಿದ್ದಾನೆ. ಇಲ್ಲಿ ಆ ಭಾರವನ್ನೆಲ್ಲ ಹೊತ್ತದ್ದು ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರ ಮುಖ. ಅವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂದದ್ದು ಎಲ್ಲರಿಗೂ ಗೊತ್ತಿರುವುದೇ. ಧಣಿಯೆದುರು ನಿಂತಾಗ ಬಾಗುವ ಅದೇ ಮೈ, ಹಟ್ಟಿಗೆ ಮರಳಿ ದುಡಿಯೆಂಬ ಚರ್ಮವಾದ್ಯ ಕೈಗೆತ್ತಿಕೊಂಡಾಗ ಬೇರೆಯೇ ಆಗಿಬಿಡುತ್ತದೆ.

ಚಿತ್ರ ಬಂದ ಕಾಲವನ್ನೂ ನೆನೆಯಬೇಕು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಕರಾವಳಿಯ ಗೇಣಿದಾರರು ತಾವು ಉಳುವ ಭೂಮಿಯ ಹಕ್ಕು ಕೋರುವ ಅರ್ಜಿ, ಅಂದರೆ ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಗಳ ಮುಂದೆ ನಿಂತಿದ್ದ ಹೊತ್ತು ಅದು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಿಂದ ಎಷ್ಟೋ ಒಕ್ಕಲು ಮನೆಗಳು ಬದುಕಿಕೊಂಡವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಣಿಗೂ ಗದ್ದೆ ಸಿಗದ ಚೋಮ ಡಿಕ್ಲರೇಶನ್ ಕೊಡುವುದಾದರೂ ಯಾವ ಭೂಮಿಗೆ? ಉಳಲು ಬಿಟ್ಟರೆ ತಾನೇ ಉಳುವವನು! ಹಳೆಯ ಕಾಲದ ಕಥೆಯೆಂದು ನೋಡಲು ಕುಳಿತವರಿಗೆ ಈ ಚಿತ್ರ ಹೊಸ ಕಾನೂನಿನ ಆಚೆಗೇ ಉಳಿದವನನ್ನು ತೋರಿಸಿತು ಎಂದೇ ನಾನು ಓದಿಕೊಳ್ಳುತ್ತೇನೆ.

ಹಾಗೆಂದು ತಕರಾರು ಇಲ್ಲವೆಂದಲ್ಲ. ಕಾಫಿ ಎಸ್ಟೇಟಿನ ಸಾಹುಕಾರನಿಗೆ ಚೋಮ ಕೊಡಬೇಕಿದ್ದ ಸಾಲ ತೀರುವುದು ಮಗಳು ಬೆಳ್ಳಿಯ ಮೈಯ ಬೆಲೆಗೆ. ಅಣ್ಣ ಚನಿಯ ಜ್ವರದಿಂದ ಸತ್ತ ಮೇಲೆ ಸಾಲ ತೀರಿಸಲು ಎಸ್ಟೇಟಿನ ದುಡಿಮೆಗೆ ಹೋದವಳು ಅವಳು. ಆದರೂ ಚೋಮನ ಸಿಟ್ಟು ಧಣಿಯ ಕಡೆಗೋ ಸಾಹುಕಾರನ ಕಡೆಗೋ ಹೋಗದೆ ಮಗಳ ಮೇಲೆ ತಿರುಗುತ್ತದೆ, ಅವಳನ್ನು ಹೊಡೆದು ಹೊರಗಟ್ಟುತ್ತಾನೆ. ಆಮೇಲೆ ನೇಗಿಲು ಸುಟ್ಟು, ಎತ್ತುಗಳನ್ನು ಓಡಿಸಿ, ಬಾಗಿಲು ಹಾಕಿಕೊಂಡು ಬಾರಿಸುವ ಆ ದುಡಿಯ ಸದ್ದು ಎಷ್ಟು ಪ್ರಬಲವಾಗಿದೆಯೆಂದರೆ, ಸಾಲ ತೀರಿಸಿದವಳೇ ಬೀದಿಗೆ ಬಿದ್ದಳೆಂಬುದು ಪ್ರೇಕ್ಷಕರ ಲೆಕ್ಕದಿಂದ ತಪ್ಪಿಹೋಗುತ್ತದೆ. ಸಂಗೀತವೂ ನಿರ್ದೇಶಕರದೇ ಆದ್ದರಿಂದ ಇದು ತಿಳಿದೇ ಮಾಡಿದ ಆಯ್ಕೆ ಇರಬೇಕು, ನನಗಂತೂ ಒಪ್ಪಿಗೆಯಾಗಲಿಲ್ಲ. ಚೋಮನ ಪಾತ್ರಚಿತ್ರಣ ಬರೆಯಿರಿ ಎಂದು ನಮ್ಮ ಪ್ರಶ್ನೆಪತ್ರಿಕೆ ಕೇಳುತ್ತಿತ್ತು, ಬೆಳ್ಳಿಯದನ್ನು ಕೇಳಿದ ನೆನಪಿಲ್ಲ. ಪದ್ಮಾ ಕುಮಟಾ ಅವರ ಬೆಳ್ಳಿಯ ಬಗ್ಗೆ ಯಾರಾದರೂ ವಿವರವಾಗಿ ಬರೆದಿದ್ದರೆ ದಯವಿಟ್ಟು ತಿಳಿಸಿ, ಓದುವ ಆಸೆಯಿದೆ.