ಜೈಸಲ್ಮೇರ್‌ಗೆ ಹೋಗಿ, ಆದರೆ ಕೋಟೆಯೊಳಗೆ ರೂಮ್ ಮಾಡಬೇಡಿ

ಈ ಚಳಿಗಾಲಕ್ಕೆ ರಾಜಸ್ಥಾನಕ್ಕೆ ಹೊರಟವರಿಗೆಲ್ಲ ನಾನು ಹೇಳುವುದು ಒಂದೇ. ಜೈಸಲ್ಮೇರ್ ಬಿಡಬೇಡಿ. ಆದರೆ ರಾತ್ರಿ ಕೋಟೆಯೊಳಗೆ ಉಳಿಯಬೇಡಿ, ಕೆಳಗಿನ ಊರಿನಲ್ಲಿ ಉಳಿಯಿರಿ.

ಬುರುಜಿನ ಪಕ್ಕದಲ್ಲೇ ರೂಮು, ಕಿಟಕಿ ತೆಗೆದರೆ ಮರಳುಗಾಡು, ಇಂಥ ಫೋಟೋ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ರಾಜ ರಾವಲ್ ಜೈಸಲ್ 1156ರಲ್ಲಿ ಈ ಕೋಟೆ ಕಟ್ಟಲು ಕೈ ಹಾಕಿದಾಗ ಅಲ್ಲಿ ನೀರು ಅಂದರೆ ಬಿಂದಿಗೆಯ ಲೆಕ್ಕ. ಮುಂದೆ ಗಡೀಸರ್ ಕೆರೆ ಆಯಿತು, ಹೆಂಗಸರು ಅಲ್ಲಿಂದ ನೀರು ಹೊತ್ತು ತರುತ್ತಿದ್ದರು. ಹಾಗೆ ತಂದ ನೀರನ್ನು ಯಾರು ಸುಮ್ನೆ ಚೆಲ್ಲುತ್ತಾರೆ ಹೇಳಿ? ಈಗ ನಲ್ಲಿ ಬಂದಿದೆ, ರೂಮಿಗೊಂದು ಶವರ್, ಫ್ಲಶ್ ಬಂದಿದೆ. ಬಳಸಿದ ನೀರು ಪೂರ್ತಿ ಹೊರಗೆ ಹೋಗುವುದಿಲ್ಲ, ಸೋರಿ ಬುಡಕ್ಕೆ ಇಳಿಯುತ್ತದೆ. ಬುಡದಲ್ಲಿರುವುದು ನಮ್ಮ ಕಡೆಯ ಕರಿಬಂಡೆಯಲ್ಲ. ಕೋಟೆ ಕೂತಿರುವ ತ್ರಿಕೂಟ ಗುಡ್ಡದ್ದು ಮೆತ್ತನೆಯ ಮರಳುಗಲ್ಲು, ನಡುವೆ ಜೇಡಿಯ ಪದರ. ನೆನೆದರೆ ಜಾರುತ್ತದೆ. ಈಗಾಗಲೇ ಕೆಲವು ಬುರುಜು, ಗೋಡೆಗಳು ಕುಸಿದಿವೆ. ಯುನೆಸ್ಕೋ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವುದಕ್ಕೂ ಮೊದಲೇ, 1996ರಲ್ಲಿ, ಹಳೆಯ ಸ್ಮಾರಕಗಳನ್ನು ಕಾಪಾಡುವ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಹಾಕಿತ್ತು.

ಓಣಿಗಳಲ್ಲಿ ನಡೆಯುವಾಗ ಎಲ್ಲರೂ ತಲೆ ಎತ್ತಿ ಝರೋಖಾ, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿ, ನೋಡುತ್ತಾರೆ. ನೋಡಬೇಕಾದ್ದೇ, ಕಲ್ಲಿನಲ್ಲಿ ಅಷ್ಟು ಸಣ್ಣ ಜಾಲರಿ ಹೇಗೆ ಕೊರೆದರೋ! ಒಮ್ಮೆ ಗೋಡೆಯ ಬುಡವನ್ನೂ ನೋಡಿ. ಮೊಣಕಾಲೆತ್ತರಕ್ಕೆ ಕಪ್ಪು ಪಸೆ, ಅದರ ಮೇಲೆ ಬಿಳಿ ಉಪ್ಪು. ಬೆರಳಿಟ್ಟರೆ ಹಳದಿ ಕಲ್ಲು ಹಿಟ್ಟಿನಂತೆ ಉದುರುತ್ತದೆ. ನನಗೆ ಸಂಕಟವಾಗಿದ್ದು ಅಲ್ಲಿಯೇ.

ಇದನ್ನು ಹೇಳಿದರೆ ಕೆಲವರು, ಹಾಗಾದರೆ ಒಳಗಿನ ಜನರನ್ನೇ ಖಾಲಿ ಮಾಡಿಸಲಿ ಅನ್ನುತ್ತಾರೆ. ಖಂಡಿತ ಬೇಡ. ಸಾವಿರಾರು ಜನ ತಲೆತಲಾಂತರದಿಂದ ಬಾಳುತ್ತಿರುವ ಕೋಟೆ ಅದು. ಬೆಳಿಗ್ಗೆ ಓಣಿಯಲ್ಲಿ ಹಸು, ಶಾಲೆಗೆ ಓಡುವ ಮಕ್ಕಳು, ಜೈನ ಬಸದಿಯ ಗಂಟೆ, ಇವೆಲ್ಲ ಇರುವುದರಿಂದಲೇ ಅದು ಊರು. ಹಂಪಿ ಬಜಾರಿನಲ್ಲಿ 2011ರಲ್ಲಿ ಮನೆ, ಅಂಗಡಿ ಒಡೆದು ಜನರನ್ನು ಎಬ್ಬಿಸಿದ್ದನ್ನು ನಾವು ನೋಡಿದ್ದೇವೆ, ಅಲ್ವಾ? ಜೈಸಲ್ಮೇರ್ ಕೋಟೆಯ ಜನರಿಗೆ ಬೇಕಿರುವುದು ಸರಿಯಾದ ಒಳಚರಂಡಿ. ಮನೆಯವರು ಬಳಸುವ ನೀರೇ ಬೇರೆ, ರಾತ್ರಿಗೊಬ್ಬರಂತೆ ಬಂದು ಹೋಗುವ ನಾವು ಸುರಿಯುವ ನೀರೇ ಬೇರೆ.

ಅವರ ಹೊಟ್ಟೆಪಾಡು ನಡೆಯಬೇಕು, ಅದೂ ನಿಜ. ಹಗಲೆಲ್ಲ ಒಳಗೇ ಕಳೆಯಿರಿ. ಅಲ್ಲಿಯವರನ್ನೇ ಗೈಡ್ ಮಾಡಿಕೊಳ್ಳಿ, ಅಲ್ಲೇ ಊಟ ಮಾಡಿ. ಸಜ್ಜೆ ರೊಟ್ಟಿ ಜೊತೆ ಕೇರ್ ಸಾಂಗ್ರಿ ಪಲ್ಯ ಸಿಗುತ್ತದೆ, ನಮ್ಮ ಉತ್ತರ ಕರ್ನಾಟಕದವರಿಗೆ ಆ ರೊಟ್ಟಿ ಹೊಸದೇನಲ್ಲ. ಸಂಜೆ ಕೆಳಗಿಳಿದು ಬನ್ನಿ. ಊರಿನ ಎಷ್ಟೋ ಹೋಟೆಲ್‌ಗಳ ಮಾಳಿಗೆಯಿಂದ ಇಡೀ ಕೋಟೆ ಕಾಣುತ್ತದೆ, ಬುಕ್ ಮಾಡುವಾಗ ಅದನ್ನೇ ಕೇಳಿ.